ಏಳು ನೀರಲ್ಲಿ ತೊಳೆದ ಡಬ್ಬಿ ಮೀನು

ಮಾಲ್ದೀವ್ಸ್‌ನ ಒಂದು ಪುಟ್ಟ ದ್ವೀಪದಲ್ಲಿ ಡಬ್ಬಿ ಮೀನನ್ನು ಏಳು ನೀರಿನಲ್ಲಿ ತೊಳೆದವರು ನಾನೋ, ನನ್ನ ತಂಗಿ ಭಾಗ್ಯಳೋ ಎಂಬುದರಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಒಮ್ಮತವಿಲ್ಲ. ಕೈ ಅವಳದು ಎಂದು ನನ್ನ ನೆನಪು. "ಕೈ ನಂದೇ ಇರ್ಬೌದು ಕಣಣ್ಣ, ಪಕ್ಕದಲ್ಲಿ ನಿಂತ್ಕಂಡು ಇನ್ನೊಂದ್ಸಲ ತೊಳಿ ಅಂದೋನು ನೀನು" ಎನ್ನುವುದು ಅವಳ ವಾದ. ಇದೊಂದೇ ಅಲ್ಲ. ನಾನು ಅಲ್ಲಿದ್ದದ್ದು ಆರು ದಿನ ಎಂದು ಪಾಸ್‌ಪೋರ್ಟಿನ ಮುದ್ರೆ ಹೇಳುತ್ತದೆ. ನನ್ನ ಲೆಕ್ಕಕ್ಕೆ ಹತ್ತಕ್ಕೆ ಕಡಿಮೆಯಿಲ್ಲ. ಮೂರು ದಿನ ಮಳೆ ಹಿಡಿದಿತ್ತು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಫೋನಿನ ಚಿತ್ರಗಳಲ್ಲಿ ಆಕಾಶ ಕಪ್ಪಾಗಿರುವುದು ಒಂದೇ ದಿನ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಅಳೆದು ನೋಡದ್ದನ್ನು ನಂಬಬೇಡ ಎಂದು ಕಲಿತವನು. ಅಂಥವನ ತಲೆಯೊಳಗೇ ಇಷ್ಟು ಸುಲಭವಾಗಿ ಸುಳ್ಳು ಬೆಳೆಯುತ್ತದೆ ಎಂದರೆ ಮುಂದೆ ಬರೆದಿರುವುದನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ಹೊಳೆನರಸೀಪುರ

ನಮ್ಮವ್ವ ಬಹಳ ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಮಕ್ಕಳಿಗೆ ಬೇಯಿಸಿ ಬಡಿಸುವುದು, ತಿಂಗಳಿಗೊಮ್ಮೆ ತಕ್ಕಡಿಯಲ್ಲಿ ಕೂರಿಸಿ ತೂಗುವುದು ಅವಳ ಕೆಲಸ. 'ಉಂಡೆ' ಎಂದು ಯಾರು ಹೇಳಿದರೂ ಅವಳು ನಂಬುವುದಿಲ್ಲ. ತುತ್ತು ಗಂಟಲಿಳಿಯುವುದನ್ನು ಕಣ್ಣಾರೆ ನೋಡಬೇಕು.

ಭಾಗ್ಯ ಆ ದ್ವೀಪದ ಶಾಲೆಯಲ್ಲಿ ಗಣಿತ ಕಲಿಸಲು ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ ಅವಳ ಕತ್ತಿನ ಕೆಳಗಿನ ಮೂಳೆಗಳು ಎದ್ದು ಕಂಡವು. ಫೋನು ಇಟ್ಟ ಮೇಲೆ ಅವ್ವ ನನ್ನನ್ನು ಕರೆದಳು.

"ಓಗ್ಬುಟ್ಟು ಕರ್ಕಂಡ್ ಬಾ ಕಣ್ಲಾ ಮಗಾ. ಅವಳು ಉಣ್ತಾ ಇಲ್ಲ."

"ಉಣ್ತೀನಿ ಅಂದ್ಲಲ್ಲವ್ವ?"

"ಬಾಯಿ ಅಂತದೆ. ಮೂಳೆ ಏನಂತದೆ ನೋಡಿಲ್ವಾ?"

ಆಗ ನನಗೆ ಬಿಡುವಿತ್ತು. ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸವನ್ನು ಬಿಟ್ಟಿದ್ದೆ. ಅದಕ್ಕೆ ಮುಂಚೆ ಚನ್ನರಾಯಪಟ್ಟಣದಲ್ಲಿ ಬಿಟ್ಟಿದ್ದೆ, ಅದಕ್ಕೂ ಮುಂಚೆ ಅರಕಲಗೂಡಿನಲ್ಲಿ. ಒಂದು ಕಡೆ ಕೂರಲಾರದವನನ್ನು ವಿಮಾನ ಹತ್ತಿಸುವುದು ಅವ್ವನಿಗೆ ಕಷ್ಟವಾಗಲಿಲ್ಲ. ಚೀಲಕ್ಕೆ ಐದು ಕೆ.ಜಿ. ರಾಗಿಹಿಟ್ಟು, ಸಾರಿನಪುಡಿ, ಹುಣಸೆಹಣ್ಣು, ಹುರಳಿಕಾಳು ತುಂಬಿದಳು. ಗೋಡೆಯ ಗೂಡಿನಲ್ಲಿದ್ದ ಅಂಗೈಯಗಲದ ಬುದ್ಧನನ್ನೂ ಇಡಲು ಹೊರಟಾಗ ನಾನು ತಡೆದೆ. ವಿಗ್ರಹ ತಂದರೆ ಅಲ್ಲಿ ಒಳಗೆ ಬಿಡುವುದಿಲ್ಲ ಎಂದು ಭಾಗ್ಯ ಮೊದಲೇ ತಿಳಿಸಿದ್ದಳು.

"ಬುದ್ಧನ್ನೂ ಬಿಡಾಕಿಲ್ವಾ?" ಅವ್ವ ಬಾಯ ಮೇಲೆ ಕೈಯಿಟ್ಟಳು. "ಅವನು ಯಾರಿಗ್ಲಾ ಏನ್ ಮಾಡಿದ್ದ?"

ಮಾಲೆ

ಮಾಲ್ದೀವ್ಸ್‌ನ ರಾಜಧಾನಿ ಮಾಲೆಯ ವಿಮಾನ ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೆ ಸಮುದ್ರ. ನಮ್ಮಲ್ಲಿ ಆಟೋಗಳು ಸಾಲಾಗಿ ನಿಂತಿರುವ ಹಾಗೆ ಅಲ್ಲಿ ದೋಣಿಗಳು ನಿಂತಿರುತ್ತವೆ. ಅದಕ್ಕೆ ಮುಂಚೆ ಕಸ್ಟಮ್ಸ್‌ನವರು ನನ್ನ ಚೀಲ ಬಿಚ್ಚಿಸಿದ್ದರು. ಕಂದುಬಣ್ಣದ ಐದು ಕೆ.ಜಿ. ಪುಡಿ ನೋಡಿದರೆ ಯಾವ ದೇಶದ ಅಧಿಕಾರಿಯ ಹುಬ್ಬೂ ಮೇಲೇರುತ್ತದೆ. ಹಿಟ್ಟು ಎಂದೆ. ಬಿಳಿಯ ಸಮವಸ್ತ್ರದ ಆ ಯುವಕ ಚಿಟಿಕೆ ಹಿಟ್ಟು ತೆಗೆದು ಮೂಸಿದ. "ಯಾರು ಕೊಟ್ಟರು?" ಎಂದು ಕೇಳಿದ. ತಾಯಿ ಎಂದೆ. ಅವನು ಚೀಲದ ಬಾಯಿಯನ್ನು ನಾನು ಕಟ್ಟಿದ್ದಕ್ಕಿಂತ ಬಿಗಿಯಾಗಿ ಕಟ್ಟಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ತಾಯಿ ಕೊಟ್ಟ ಗಂಟನ್ನು ಒಂದೇ ಕೈಯಲ್ಲಿ ಕೊಡಬಾರದೆಂದು ಅವನಿಗೂ ಯಾರೋ ಕಲಿಸಿರಬೇಕು.

ಆದರೆ ಮೂರು ಗಂಟೆಯ ದೋಣಿ ಪ್ರಯಾಣದಲ್ಲಿ ಸಮುದ್ರ ಅಷ್ಟು ಮರ್ಯಾದೆ ತೋರಿಸಲಿಲ್ಲ. ಅಲೆ ಹಾರಿ ಹಾರಿ ಚೀಲದ ಮೇಲೆ ಬಿತ್ತು. ಇಳಿಯುವಾಗ ರಾಗಿಹಿಟ್ಟು ಉಪ್ಪುನೀರು ಕುಡಿದು ಸಿಮೆಂಟಿನ ಮೂಟೆಯಂತೆ ಕೂತಿತ್ತು.

ಭಾನುವಾರ ಸಂಜೆ

ದ್ವೀಪದ ಹೆಸರು ಬರೆಯುವುದಿಲ್ಲ. ತಂಗಿಯ ಕೆಲಸದ ವಿಷಯ. ಈ ತುದಿಯಿಂದ ಆ ತುದಿಗೆ ನಡೆಯಲು ಕಾಲು ಗಂಟೆ ಸಾಕು. ಬೀದಿಗಳಲ್ಲಿ ಟಾರಿಲ್ಲ, ಬಿಳಿಯ ಮರಳು. ಬೆಳಿಗ್ಗೆ ಎದ್ದರೆ ಹೆಂಗಸರು ತೆಂಗಿನಕಡ್ಡಿ ಪೊರಕೆ ಹಿಡಿದು ತಮ್ಮ ಮನೆಯ ಮುಂದನ್ನಷ್ಟೇ ಅಲ್ಲ, ಇಡೀ ಬೀದಿಯನ್ನು ಗುಡಿಸುತ್ತಾರೆ. ನಮ್ಮಲ್ಲಿ ಗುಡಿಸಿದ ಕಸ ಪಕ್ಕದ ಮನೆಯ ಗಡಿ ದಾಟಿದರೆ ಕೆಲಸ ಮುಗಿಯಿತು. ಅಲ್ಲಿ ಕಸಕ್ಕೆ ಹೋಗಲು ಪಕ್ಕದ ಊರಿಲ್ಲ.

ಭಾಗ್ಯ ದೋಣಿಕಟ್ಟೆಗೆ ಬಂದಿದ್ದಳು. ಫೋನಿನಲ್ಲಿ ಕಂಡಿದ್ದಕ್ಕಿಂತ ಸಣಕಲಾಗಿದ್ದಳು. ದಾರಿಯುದ್ದಕ್ಕೂ ಮಕ್ಕಳು ಅವಳ ಹೆಸರು ಕೂಗಿ ಓಡಿ ಬರುತ್ತಿದ್ದರು. ಒಬ್ಬಳು ಹುಡುಗಿ ತನ್ನ ಪುಸ್ತಕವನ್ನು ಬೀದಿಯಲ್ಲೇ ಬಿಚ್ಚಿ ಒಂದು ಲೆಕ್ಕ ಸರಿಯೇ ಎಂದು ಕೇಳಿದಳು. ಭಾಗ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮರಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಎದ್ದು ನಿಲ್ಲುವಾಗ ನನ್ನ ತೋಳು ಹಿಡಿದುಕೊಂಡಳು.

ಮನೆ ಸೇರಿದ ಮೇಲೆ ವಿಷಯ ತಿಳಿಯಿತು. ಅವಳು ತರಗತಿಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಕಾಯಿಲೆಯೇನೂ ಸಿಕ್ಕಿರಲಿಲ್ಲ, ಸರಿಯಾಗಿ ಊಟ ಮಾಡು ಎಂದು ಕಳಿಸಿದ್ದರು. ಇನ್ನೆರಡು ವರ್ಷಕ್ಕೆ ಕೆಲಸ ಮುಂದುವರಿಸುವ ಅರ್ಜಿ ಮೇಜಿನ ಮೇಲಿತ್ತು. ಗುರುವಾರ ಶಾಲೆಯ ಕಚೇರಿ ಮುಚ್ಚುವುದರೊಳಗೆ ಸಹಿ ಮಾಡಿ ಕೊಡದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

"ನಿನಗೆ ಇರೋ ಆಸೆ ಇದ್ಯಾ?" ಎಂದೆ.

"ಐತೆ. ಈ ಮಕ್ಕಳನ್ನ ಬುಟ್ಟು ಬರಾಕೆ ಮನಸಿಲ್ಲ. ಆದ್ರೆ ಅನ್ನ ಇಳಿಯಲ್ಲ ಕಣಣ್ಣ, ಏನ್ ಮಾಡ್ಲಿ? ಅವ್ವ ಬೇಡ ಅಂದ್ರೆ ನಾನು ಸಹಿ ಆಕಲ್ಲ. ಸುಳ್ಳು ಏಳಿ ಇಲ್ಲಿ ಇರಾಕಾಗಲ್ಲ."

ಅವ್ವನಿಗೆ ನಾನು ಕೊಟ್ಟು ಬಂದ ಮಾತು ಕರೆದುಕೊಂಡು ಬರುವುದು. ಅದನ್ನು ಭಾಗ್ಯಳಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿ ಒಲೆ ಹಚ್ಚಿದಳು.

ಸೋಮವಾರ

ಗಾಳಿ ಜೋರಾಗಿತ್ತು. ತರಕಾರಿ ತರುವ ದೋಣಿ ಬರಲಿಲ್ಲ, ಮೀನಿಗೆ ಹೋಗುವ ದೋಣಿಗಳೂ ಕದಲಲಿಲ್ಲ. ಅಂಗಡಿಯಲ್ಲಿ ಅಕ್ಕಿ, ಈರುಳ್ಳಿ, ನಿಂಬೆ ಬಿಟ್ಟರೆ ಉಳಿದದ್ದು ಟ್ಯೂನಾ ಮೀನಿನ ಡಬ್ಬಿಗಳು. ನೆಲದಿಂದ ಸೂರಿನವರೆಗೆ ಗೋಪುರದಂತೆ ಪೇರಿಸಿದ್ದರು. ಭಾಗ್ಯ ಬಂದಾಗಿನಿಂದ ಅದನ್ನೇ ತಿನ್ನುತ್ತಿದ್ದಳಂತೆ. ಅಲ್ಲಿನ ಹಸಿ ಟ್ಯೂನಾ ಕುರಿಮಾಂಸದಷ್ಟು ಕೆಂಪಗಿರುತ್ತದೆ. ಅದನ್ನು ಮುಟ್ಟಲು ಅವಳಿಗೆ ಹಿಂಜರಿಕೆ.

ಇಲ್ಲಿ ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಹೇಮಾವತಿ ಹೊಳೆಯ ಮೀನು ಮನೆಗೆ ಬಂದರೆ ಅವ್ವ ಅದಕ್ಕೆ ಬೂದಿ ಸವರಿ ಕಲ್ಲಿನ ಮೇಲೆ ಉಜ್ಜುತ್ತಾಳೆ. ಆಮೇಲೆ ಉಪ್ಪು ಅರಿಶಿನ ಹಾಕಿ ಏಳು ನೀರಿನಲ್ಲಿ ತೊಳೆಯುತ್ತಾಳೆ. ಆರನೇ ನೀರು ತಿಳಿಯಾಗಿದ್ದರೂ ಏಳನೆಯದು ಬೇಕೇ ಬೇಕು. ಕೆಸರಿನ ಹೊಳೆಯ ಮೀನಿಗೆ ಅದು ಸರಿ. ನಾವು ಮಾಡಿದ್ದೇನೆಂದರೆ, ಕಾರ್ಖಾನೆಯಲ್ಲಿ ಬೆಂದು ಡಬ್ಬಿ ಸೇರಿದ್ದ ಮೀನಿಗೆ ಅದೇ ಸ್ನಾನ ಮಾಡಿಸಿದೆವು. ಡಬ್ಬಿಯ ಎಣ್ಣೆ ಬಸಿದು ಚೆಲ್ಲಿ, ಉಪ್ಪು ಅರಿಶಿನ ಸವರಿ, ಏಳು ಸಲ ತೊಳೆದು, ಹಿಂಡಿ, ಹುಣಸೆಹುಳಿಯಲ್ಲಿ ಅರ್ಧ ಗಂಟೆ ಕುದಿಸಿದೆವು. ಡಬ್ಬಿಯ ವಾಸನೆಗೆ ಲೋಹವೇ ಕಾರಣ, ತೊಳೆದಷ್ಟೂ ಒಳ್ಳೆಯದು ಎಂದು ನಾನು ರಸಾಯನಶಾಸ್ತ್ರದ ಪಾಠ ಮಾಡಿದೆ ಎಂದು ಭಾಗ್ಯ ಹೇಳುತ್ತಾಳೆ. ಹೇಳಿದ್ದರೂ ಹೇಳಿರಬಹುದು.

ತಟ್ಟೆಗೆ ಬಂದದ್ದು ಹುಳಿನೀರಿನಲ್ಲಿ ತೇಲುವ ಹತ್ತಿಯ ಎಳೆಗಳು. ಅವಳು ನಾಲ್ಕು ತುತ್ತು ತಿಂದು ಎದ್ದಳು. ನಾನು ಐದು.

"ಎರಡು ವರ್ಷ ಇದನ್ನೇ ತಿಂದ್ಯೇನಮ್ಮಿ?"

"ಇನ್ನೇನ್ ತಿನ್ಲಿ?"

ಅವತ್ತು ಅವ್ವನ ಮಾತೇ ಸರಿ ಎಂದುಕೊಂಡೆ.

ಮಂಗಳವಾರ

ಪಕ್ಕದ ಮನೆಯ ಹವ್ವಾ ಶಾಲೆಯ ಅಂಗಳ ಗುಡಿಸುವವರು. ಐವತ್ತು ದಾಟಿದ ಗಟ್ಟಿ ಹೆಂಗಸು. ಅಕ್ಕ ಎಂಬುದಕ್ಕೆ ಅಲ್ಲಿ 'ದತ್ತ' ಎನ್ನುತ್ತಾರೆ; ಭಾಗ್ಯ ಅವರನ್ನು ಹವ್ವಾ ದತ್ತ ಎಂದೇ ಕರೆಯುತ್ತಿದ್ದಳು. ಅವರ ಮಾತು ಅರ್ಧ ಇಂಗ್ಲಿಷು, ಅರ್ಧ ಸಿನಿಮಾ ನೋಡಿ ಕಲಿತ ಹಿಂದಿ. ನನಗೆ ಅರ್ಥವಾದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅವರು ನಿಂಬೆಹಣ್ಣು ಕೊಡಲು ಬಂದಾಗ ನಾವು ಅಂಗಳದಲ್ಲಿ ನಾಲ್ಕನೇ ನೀರಿನಲ್ಲಿದ್ದೆವು. ಅವರು ಮೊದಲು ಪಾತ್ರೆ ನೋಡಿದರು, ಆಮೇಲೆ ಖಾಲಿ ಡಬ್ಬಿ ನೋಡಿದರು, ಆಮೇಲೆ ನಾವು ನೀರು ಹಿಡಿಯುತ್ತಿದ್ದ ತೊಟ್ಟಿ. ಸೂರಿನ ಮಳೆನೀರು ಸಂಗ್ರಹಿಸುವ ತೊಟ್ಟಿ ಅದು. ಅಲ್ಲಿ ಕುಡಿಯುವುದಕ್ಕೆ ಅದೇ ನೀರು.

"ಏನು ಮಾಡುತ್ತಿದ್ದೀರಿ?"

"ಮೀನು ತೊಳೀತಿದ್ದೀವಿ" ಎಂದಳು ಭಾಗ್ಯ.

"ಕುಡಿಯುವ ನೀರಲ್ಲಿ? ಬೆಂದ ಮೀನನ್ನು?" ಅವರು ಗೋಡೆ ಹಿಡಿದುಕೊಂಡು ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ಭಾಗ್ಯಳ ಮುಂಗೈಯನ್ನು ತಮ್ಮ ಹೆಬ್ಬೆರಳು ತೋರುಬೆರಳ ಬಳೆಯೊಳಗೆ ಹಿಡಿದು ನೋಡಿದರು. ಬೆರಳುಗಳ ನಡುವೆ ಇನ್ನೂ ಜಾಗ ಉಳಿದಿತ್ತು. ನಗು ನಿಂತಿತು. "ಬಾ ಮನೆಗೆ" ಎಂದರು.

ಅವರ ಅಡಿಗೆಮನೆಯಲ್ಲಿ ಕಾಲು ಚಾಚಿ ಕೂತು ತೆಂಗಿನಕಾಯಿ ತುರಿಯುವ ಮಣೆಯಿತ್ತು. ಚನ್ನರಾಯಪಟ್ಟಣದ ಸೀಮೆಯ ಯಾವ ಮನೆಯಿಂದಲಾದರೂ ಎತ್ತಿಕೊಂಡು ಬಂದಂತಿತ್ತು. ದತ್ತ ಮೊದಲು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಘಾಟಿನ ಮೆಣಸಿನಕಾಯಿ, ಉಪ್ಪು, ನಿಂಬೆರಸ ಹಾಕಿ ಕೈಯಿಂದ ಕಿವುಚಿದರು. ಈರುಳ್ಳಿ ನೀರೊಡೆಯುವವರೆಗೆ ಬಿಡಲಿಲ್ಲ. ಆಮೇಲೆ ಡಬ್ಬಿಯ ಮೀನನ್ನು ಬಿಡಿಸಿ ಹಾಕಿದರು. ಕೊನೆಗೆ ಕಾಯಿತುರಿ. ಒಲೆಯೇ ಹಚ್ಚಲಿಲ್ಲ. ಜೊತೆಗೆ ನಮ್ಮ ಚಪಾತಿಯ ತಂಗಿಯಂಥ ರೋಶಿ. ಇದರ ಹೆಸರು ಮಸ್ ಹುನಿ. ಇಡೀ ದೇಶ ಬೆಳಿಗ್ಗೆ ತಿನ್ನುವುದು ಇದನ್ನೇ.

ನಾನು ಸಂದೇಹದಿಂದ ಒಂದು ತುತ್ತು ತಿಂದೆ. ಕಾಯಿಯ ಸಿಹಿ, ನಿಂಬೆಯ ಹುಳಿ, ಅವುಗಳ ನಡುವೆ ಹೊಗೆಯ ನೆನಪಿನಂತೆ ಮೀನು. ಎರಡು ದಿನದಿಂದ ನಾವು ತೊಳೆದು ಚೆಲ್ಲಿದ್ದು ಈ ರುಚಿಯನ್ನೇ. ಭಾಗ್ಯ ಎರಡು ರೋಶಿ ತಿಂದು ಮೂರನೆಯದಕ್ಕೆ ಕೈ ಚಾಚಿದಳು. ದತ್ತ ಅವಳನ್ನೇ ನೋಡುತ್ತ ಕೂತಿದ್ದರು. ಅನುಮಾನ ಬಿಡದೆ, ತುತ್ತು ಗಂಟಲಿಳಿಯುವವರೆಗೆ ನೋಡುವ ಆ ನೋಟವನ್ನು ನಾನು ಬಲ್ಲೆ.

"ಎರಡು ವರ್ಷ ಪಕ್ಕದಲ್ಲೇ ಇದ್ದೆ" ಎಂದರು ಅವರು ನನಗೆ. "ಬಾಗಿಲು ಹಾಕಿಕೊಂಡು ಉಣ್ಣುವವರನ್ನು ಏನು ಉಂಡೆ ಎಂದು ಕೇಳಬಾರದು ಅಂದುಕೊಂಡೆ. ತಪ್ಪಾಯಿತು."

ನಮ್ಮ ಬೀದಿಯಲ್ಲಾದರೆ ಏನು ಸಾರು ಎಂದು ಕೇಳುವುದೇ ಮೊದಲ ಮಾತು. ಅಲ್ಲಿ ಅದನ್ನು ಕೇಳದಿರುವುದು ಮರ್ಯಾದೆ ಎಂದು ಆಕೆ ತಿಳಿದಿದ್ದರು. ಬಾಗಿಲು ಹಾಕಿಕೊಳ್ಳುವುದು ಮರ್ಯಾದೆ ಎಂದು ಭಾಗ್ಯ ತಿಳಿದಿದ್ದಳು.

ಬುಧವಾರ

ಆ ಒಂದು ದಿನದಲ್ಲಿ ನಾವು ಮಾಡಿ ತಿಂದದ್ದನ್ನೆಲ್ಲ ಬರೆದರೆ ನಂಬಲಾರಿರಿ. ಕೆಲವು ಗುರುವಾರದ್ದೂ ಇರಬಹುದು. ದತ್ತನ ಹಿತ್ತಲಲ್ಲಿ ನುಗ್ಗೆಮರವಿತ್ತು. ಎಳೆಯ ಸೊಪ್ಪನ್ನು ಕೂದಲೆಳೆಯಂತೆ ಹೆಚ್ಚಿ, ಹಸಿಯಾಗಿಯೇ ಆ ಮೀನು-ಕಾಯಿಯ ಜೊತೆ ಕಲಸುತ್ತಾರೆ. ನುಗ್ಗೆಸೊಪ್ಪನ್ನು ಬೇಯಿಸದೆ ತಿನ್ನಬಹುದು ಎಂಬುದು ನನಗೆ ಹೊಸತು. ಅದೇ ಮಿಶ್ರಣವನ್ನು ಹಿಟ್ಟಿನ ಉಂಡೆಯೊಳಗೆ ತುಂಬಿ ತಟ್ಟಿ ಬೇಯಿಸಿಕೊಟ್ಟರು. "ಮೀನಿನ ಒಬ್ಬಟ್ಟು ಕಣಣ್ಣ ಇದು!" ಎಂದು ಭಾಗ್ಯ ಕೂಗಿದಳು. ಹೂರಣದ ಜಾಗದಲ್ಲಿ ಟ್ಯೂನಾ. ನಮ್ಮೂರಲ್ಲಿ ಯುಗಾದಿಯ ದಿನ ಹೀಗೆ ಮಾಡಿದರೆ ಬಡಿಗೆ ಎತ್ತಿಕೊಳ್ಳುತ್ತಾರೆ.

ಆಮೇಲೆ ಅವಳಿಗೆ ಧೈರ್ಯ ಬಂತು. ಡಬ್ಬಿಯ ಎಣ್ಣೆಯನ್ನು ಚೆಲ್ಲದೆ ಅದರಲ್ಲೇ ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಈರುಳ್ಳಿ ಬಾಡಿಸಿ, ಮೀನು ಹಾಕಿ ಎರಡೇ ನಿಮಿಷ ಕೈಯಾಡಿಸಿದಳು. ತಣ್ಣನೆಯ ಅನ್ನಕ್ಕೆ ಕಲಸಿ ನಿಂಬೆ ಹಿಂಡಿದರೆ ಚಿತ್ರಾನ್ನಕ್ಕೂ ಮೇಲು. ಅಕ್ಕಿಹಿಟ್ಟಿಗೆ ಮೀನು, ಕಾಯಿತುರಿ, ಹಸಿಮೆಣಸಿನಕಾಯಿ ಸೇರಿಸಿ ಅಕ್ಕಿರೊಟ್ಟಿ ತಟ್ಟಿದಳು. ದತ್ತ ಅದನ್ನು ತಿಂದು ಇನ್ನೆರಡನ್ನು ಸೆರಗಿನಲ್ಲಿ ಅಲ್ಲ, ಬಾಳೆಲೆಯಲ್ಲಿ ಸುತ್ತಿಕೊಂಡು ಹೋದರು. ಸೆರಗು ಎಂದು ಬರೆಯಲು ಹೊರಟಿದ್ದೆ, ಆಕೆ ಉಟ್ಟಿದ್ದು ಉದ್ದನೆಯ ಅಂಗಿ. ನೆನಪು ಎಲ್ಲರಿಗೂ ಸೀರೆ ಉಡಿಸುತ್ತದೆ.

ಹುಳಿಸಾರನ್ನೂ ಅವಳು ಬಿಡಲಿಲ್ಲ. ಸಾರು ಪೂರ್ತಿ ಕುದಿದು ಒಲೆ ಆರಿಸಿದ ಮೇಲೆ ಮೀನನ್ನು ಮೆಲ್ಲಗೆ ಇಳಿಬಿಟ್ಟು ಮುಚ್ಚಿಟ್ಟಳು, ಅಷ್ಟೇ. ಮೂಟೆಯ ನಡುವೆ ಒಣಗಿ ಉಳಿದಿದ್ದ ರಾಗಿಹಿಟ್ಟಿನಲ್ಲಿ ಎರಡು ಮುದ್ದೆ ಎದ್ದವು. ಸ್ವಲ್ಪ ಉಪ್ಪುಪ್ಪು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಾಗ ಅವಳ ಮುಖ ನೋಡಿದೆ. ಕರೆದುಕೊಂಡು ಹೋಗುವ ಮಾತು ನನಗೆ ಭಾರವಾಗತೊಡಗಿತು.

ಗುರುವಾರ

ಶಾಲೆ ಒಂದು ಗಂಟೆಗೆ ಬಿಟ್ಟಿತು. ಕಚೇರಿ ಮುಚ್ಚಲು ಇನ್ನೆರಡು ಗಂಟೆಯಿತ್ತು. ಅರ್ಜಿ ಮೇಜಿನ ಮೇಲೆ ಹಾಗೇ ಇತ್ತು. ಭಾಗ್ಯ ತಟ್ಟೆಗೆ ಮೀನಿನ ಚಿತ್ರಾನ್ನ ಬಡಿಸಿಕೊಂಡು ಅವ್ವನಿಗೆ ವಿಡಿಯೋ ಕಾಲ್ ಮಾಡಿದಳು. ಫೋನು ನನ್ನ ಕೈಗೆ ಕೊಟ್ಟಳು.

"ಅದೇನವ್ವ ತಟ್ಟೇಲಿ?" ಎಂದಳು ಅವ್ವ.

"ಡಬ್ಬಿ ಮೀನು ಕಣವ್ವ."

"ಏಳು ನೀರಲ್ಲಿ ತೊಳ್ದ್ಯಾ?"

ಭಾಗ್ಯ ನನ್ನ ಕಡೆ ನೋಡಿದಳು. ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಇಲ್ಲ ಕಣವ್ವ. ಒಂದ್ ನೀರಲ್ಲೂ ತೊಳೀಲಿಲ್ಲ. ತೊಳ್ದು ತೊಳ್ದೇ ನಾನು ಇಂಗಾಗಿದ್ದು."

ಅವ್ವ ಫೋನನ್ನು ಮುಖದ ಹತ್ತಿರ ತಂದಳು. ಅವಳ ಹಿಂದೆ ಯಾರೋ ಬಿಂದಿಗೆ ಇಳಿಸಿದ ಸದ್ದು ಕೇಳಿತು.

"ತಿನ್ನು. ನಾನು ನೋಡ್ಬೇಕು."

ಭಾಗ್ಯ ತಿಂದಳು. ಅವ್ವ ನೋಡಿದಳು. ಫೋನು ಹಿಡಿದ ನನ್ನ ಕೈ ಸೋತು ವಾಲಿದಾಗ "ನೆಟ್ಟಗೆ ಹಿಡ್ಕಳ್ಲಾ" ಎಂದಳು. ತಟ್ಟೆ ಖಾಲಿಯಾಯಿತು. ಭಾಗ್ಯ ಇನ್ನೊಂದು ಸಲ ಬಡಿಸಿಕೊಂಡಳು, ಅದೂ ಖಾಲಿಯಾಯಿತು. ತಟ್ಟೆಯನ್ನು ಫೋನಿಗೆ ತೋರಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದಳು.

ಅವ್ವ ಆಗ ನನಗೆ ಹೇಳಿದಳು: "ನೀನೊಬ್ನೇ ಬಾ." ಕಾಲ್ ಮುಗಿಸಿದಳು.

ಭಾಗ್ಯ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತಳು. "ಏನಂದ್ಲು?"

"ನೀನೊಬ್ನೇ ಬಾ ಅಂದ್ಲು."

"ನಿಜ ಏಳಣ್ಣ."

"ನಿಜ ಕಣಮ್ಮಿ."

ಅವಳು ಲಂಗಕ್ಕೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಆ ಬಿಸಿಲಿನಲ್ಲಿ ಬಿಳಿಯ ಬೀದಿಯ ಮೇಲೆ ಕಾಗದ ಹಿಡಿದುಕೊಂಡು ಓಡಿದಳು. ತಲೆ ತಿರುಗಿ ಬೀಳುತ್ತಿದ್ದವಳು ಓಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಮತ್ತೆ ಹೊಳೆನರಸೀಪುರ

ಶನಿವಾರ ದೋಣಿಯಲ್ಲಿ ಕೂತ ಮೇಲೆ ಅನುಮಾನ ಹುಟ್ಟಿತು. ಅವ್ವ ಆ ಮಾತು ಹೇಳಿದ್ದನ್ನು ಕೇಳಿದವನು ನಾನೊಬ್ಬನೇ. ಬುಧವಾರದಿಂದಲೇ ನನಗೆ ಭಾಗ್ಯಳನ್ನು ಅಲ್ಲೇ ಬಿಟ್ಟು ಬರುವ ಆಸೆಯಿತ್ತು. ಬೇಕಾದ ಮಾತನ್ನು ಕೇಳಿಸಿಕೊಳ್ಳುವುದು ಮನುಷ್ಯನಿಗೆ ದೊಡ್ಡ ವಿಷಯವಲ್ಲ. ಒಂದು ದಿನದ ಮಳೆಯನ್ನು ಮೂರು ದಿನ ಸುರಿಸಿದವನು, ದತ್ತನಿಗೆ ಸೀರೆ ಉಡಿಸಿದವನು, ಅವ್ವನ ಬಾಯಿಗೆ ಎರಡು ಪದ ಹಾಕಲಾರೆನೇ? ಹಾಗಾಗಿದ್ದರೆ ನನ್ನ ತಂಗಿ ಸುಳ್ಳಿನ ಮೇಲೆ ಸಹಿ ಹಾಕಿದ್ದಾಳೆ. ಅದೂ ಸುಳ್ಳು ಹೇಳಿ ಇರಲಾರೆ ಎಂದವಳು. ಫೋನ್ ಮಾಡಿ ಕೇಳಲು ಎರಡು ಸಲ ನಂಬರ್ ಒತ್ತಿ ಎರಡು ಸಲವೂ ನಿಲ್ಲಿಸಿದೆ.

ಮನೆಯ ಮುಂದೆ ಆಟೋ ಇಳಿದಾಗ ಅವ್ವ ಹೊರಗೆ ಬಂದಳು. ನನ್ನನ್ನು ದಾಟಿ ಅವಳ ಕಣ್ಣು ಆಟೋದೊಳಗೆ ಹೋಯಿತು.

"ಡಬ್ಬಿ ತಂದ್ಯೇನ್ಲಾ?" ಎಂದಳು.

ಭಾಗ್ಯ ಕೊಟ್ಟು ಕಳಿಸಿದ್ದ ಹನ್ನೆರಡು ಮೀನಿನ ಡಬ್ಬಿಗಳನ್ನು ಇಳಿಸಿಕೊಟ್ಟೆ. ಅವಳು ಅವನ್ನು ಒಳಗೆ ಜೋಡಿಸಿಟ್ಟು, ಕಾಫಿ ಕೊಟ್ಟು, ಎದುರಿಗೆ ಕೂರುವವರೆಗೆ ಕಾದೆ. ಸಾಕ್ಷಿಯ ಬಾಯಿಗೆ ಉತ್ತರ ಇಡಬಾರದು ಎಂಬ ಎಚ್ಚರದಿಂದ, ಏನನ್ನೂ ಸೂಚಿಸದೆ, ಆದಷ್ಟು ಸಪ್ಪೆಯಾಗಿ ಕೇಳಿದೆ: "ಅವ್ವ, ಗುರುವಾರ ಫೋನಲ್ಲಿ ಭಾಗ್ಯ ಎದ್ದು ಹೋದ ಮೇಲೆ ನೀನು ನಂಗೆ ಏನಂದೆ?"

"ನೀನೊಬ್ನೇ ಬಾ ಅಂದೆ," ಎಂದಳು ಅವ್ವ. "ಅವಳ್ಯಾಕೆ ಬತ್ತಾಳೆ ಈಗ, ಉಣ್ತಾವ್ಳಲ್ಲ."